ಹತ್ತನೆಯ ಮೊಟ್ಟೆ

20 ಏಪ್ರಿಲ್ 1991

ಇವಳೇ,

ಹದಿನೈದನೇ ತಾರೀಕು ನಾನು ಊರಿಗೆ ಬಂದಿದ್ದೆ. ಮನೆಗೆ ಬರಲಿಲ್ಲ. ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ವಾಪಸ್ಸಾದೆ. ಯಾರ ಬಾಯಿಂದಲೋ ನಿನ್ನ ಕಿವಿಗೆ ಬೀಳುವ ಬದಲು ನಾನೇ ಬರೆಯುವುದು ಮೇಲು ಎನ್ನಿಸಿತು.

ನಮ್ಮ ಮಗು ಪಿಟೀಲು ಹೋಗಿ ಅವತ್ತಿಗೆ ಸರಿಯಾಗಿ ಒಂದು ವರ್ಷ. ಸ್ಮಶಾನದ ಕಾವಲುಗಾರ ಗೇಟು ತೆಗೆಯುವ ಮೊದಲೇ ನಾನಲ್ಲಿದ್ದೆ. ನೀನು ಬರುತ್ತೀಯ ಎಂದು ಎರಡು ಗಂಟೆ ಕಾದೆ. ಅವಳ ಕಲ್ಲಿನ ಮೇಲೆ ಹೂವಿತ್ತು, ಆದರೆ ಒಣಗಿ ಹೊಟ್ಟಾಗಿತ್ತು. ಕಾವಲುಗಾರನನ್ನು ಕೇಳಿದರೆ, "ಟೀಚರಮ್ಮ ಹಬ್ಬದ ದಿನಾನೇ ಬಂದು ಹೋದ್ರಲ್ಲ ಸಾರ್, ಇವತ್ತು ಯಾಕೆ ಬರ್ತಾರೆ?" ಎಂದ.

ಆಮೇಲೆ ನಿನ್ನ ಶಾಲೆಯ ಮುಂದೆ ಹಾದು ಹೋದೆ. ಮಕ್ಕಳು ಮಗ್ಗಿ ಹೇಳುತ್ತಿದ್ದವು. ಎಲ್ಲಕ್ಕಿಂತ ಮೇಲೆ ನಿನ್ನ ದನಿ, ಏನೂ ಆಗದವರ ದನಿಯ ಹಾಗೆ ಕೇಳುತ್ತಿತ್ತು. ಒಳಗೆ ಬಂದು ಕರೆಯೋಣ ಎಂದುಕೊಂಡವನು ಬಸ್ ಸ್ಟ್ಯಾಂಡಿನ ಕಡೆ ತಿರುಗಿದೆ.

ಇಲ್ಲಿ ಪ್ರೆಸ್ಸಿನವರು ಒಳ್ಳೆಯವರು. ಕರಡು ತಿದ್ದುವ ಕೆಲಸಕ್ಕೆ ಎರಡು ಕಣ್ಣು ಸಾಕು, ಯಾರ ಜೊತೆಗೂ ಮಾತು ಬೇಕಾಗಿಲ್ಲ. ಅದಕ್ಕೇ ಈ ಊರು ಹಿಡಿದೆ ಎಂದು ನೀನು ತಿಳಿದಿರಬಹುದು. ಅದು ಪೂರ್ತಿ ಸುಳ್ಳೇನಲ್ಲ.

ಒಂದು ವರ್ಷದಿಂದ ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಿದ್ದೇನೆ. ಅವತ್ತು ಮುಂಜಾನೆ ನೀನು ಚರ್ಚಿಗೆ ಹೊರಟಾಗ ಅವಳು ಎದ್ದಿದ್ದಳಾ? ನನ್ನ ನಿದ್ದೆ ಎಂಥದೆಂದು ನಿನಗೆ ಗೊತ್ತು, ಮನೆ ಬಿದ್ದರೂ ಎಚ್ಚರವಾಗದು. ಅವಳು ಬಂದು ನನ್ನನ್ನು ಕರೆದು, ಅಲ್ಲಾಡಿಸಿ, ನಾನು ಏಳದೆ, ಆಮೇಲೆ ಒಬ್ಬಳೇ ಹಿತ್ತಲಿಗೆ ಹೋದಳಾ? ಪ್ರೆಸ್ಸಿನಲ್ಲಿ ಯಾರಾದರೂ ಹಿಂದಿನಿಂದ ಭುಜ ಮುಟ್ಟಿದರೆ ಮೈ ಜುಮ್ಮೆನ್ನುತ್ತದೆ. ನಿನಗೆ ಗೊತ್ತಿದ್ದರೆ ಬರೆ.

ಅತ್ತೆಯವರಿಗೆ ನಮಸ್ಕಾರ ತಿಳಿಸು.

—

2 ಮೇ 1991

ರೀ,

ನಿಮ್ಮ ಪತ್ರ ಬಂದಾಗ ಅಮ್ಮ ಪಕ್ಕದಲ್ಲೇ ಇದ್ದಳು. "ಅಳಿಯಂದಿರು ಏನು ಬರೆದಿದ್ದಾರೆ?" ಎಂದಳು. "ಚೆನ್ನಾಗಿದ್ದಾರಂತೆ" ಎಂದೆ. ಅಷ್ಟೂ ಬರೆದಿರಲಿಲ್ಲ ನೀವು.

ಹೂವು ಹೊಟ್ಟಾಗಿತ್ತು ಎಂದಿರಿ. ಮಾರ್ಚ್ ಮೂವತ್ತೊಂದರಂದು, ಈಸ್ಟರಿನ ದಿನ, ಅದು ಹೊಟ್ಟಾಗಿರಲಿಲ್ಲ. ಅವತ್ತು ನಾನು ಚರ್ಚಿನ ಮೂರನೇ ಬೆಂಚಿನಲ್ಲಿ ನಿಮಗೆಂದು ಜಾಗ ಹಿಡಿದು ಕೂತಿದ್ದೆ. ಒಬ್ಬರ ಜಾಗ ಹಿಡಿಯಲು ಹೋಗಿ ಅಭ್ಯಾಸಬಲದಿಂದ ಇಬ್ಬರ ಜಾಗ ಹಿಡಿದುಬಿಟ್ಟಿದ್ದೆ. ಹಿಂದಿನಿಂದ ಯಾರೋ ಹೆಂಗಸು, "ಸ್ವಲ್ಪ ಸರೀರಮ್ಮ, ಖಾಲಿ ಇದೆಯಲ್ಲ" ಎಂದರು. ಸರಿದೆ. ಆಮೇಲೆ ಸ್ಮಶಾನಕ್ಕೆ ಹೋಗಿ ಮಧ್ಯಾಹ್ನದ ತನಕ ನಿಮ್ಮ ದಾರಿ ನೋಡಿದೆ. ಕಾದವರು ನೀವೊಬ್ಬರೇ ಅಲ್ಲ.

ಅವಳು ಹೋದದ್ದು ಈಸ್ಟರಿನ ಬೆಳಿಗ್ಗೆ. ಹಾಡು ಮುಗಿಯುವ ಮೊದಲೇ ಪಕ್ಕದ ಮನೆಯವರು ಓಡಿ ಬಂದು ನನ್ನ ಸೆರಗು ಹಿಡಿದು ಎಳೆದರು. ಅವತ್ತು ಏಪ್ರಿಲ್ ಹದಿನೈದು ಎಂದು ನನಗೆ ಗೊತ್ತಾದದ್ದು ಡಾಕ್ಟರು ಚೀಟಿಯಲ್ಲಿ ಬರೆದ ಮೇಲೆ. ನಿಮ್ಮ ಏಪ್ರಿಲ್ ಹದಿನೈದು ನನಗೆ ಕ್ಯಾಲೆಂಡರಿನ ಒಂದು ಚೌಕ, ಅಷ್ಟೆ.

ದನಿಯ ಬಗ್ಗೆ ಬರೆದಿರಿ. ನಲವತ್ತು ಮಕ್ಕಳ ಮುಂದೆ ಇನ್ಯಾವ ದನಿಯಲ್ಲಿ ಮಗ್ಗಿ ಹೇಳಿಸಲಿ?

ನೀವು ಕೇಳಿದ್ದಕ್ಕೆ ಉತ್ತರ: ನಾನು ಹೊರಟಾಗ ಅವಳು ಮಲಗಿದ್ದಳು. ಗಾಢ ನಿದ್ದೆಯಲ್ಲಿದ್ದಳು. ಇನ್ನು ಈ ಮಾತು ಬೇಡ.

ನಾನೂ ಒಂದು ಕೇಳುತ್ತೇನೆ. ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ಸುಳಿಯಕೂಡದು ಎಂದು ಅವಳಿಗೆ ಸಾವಿರ ಸಲ ಹೇಳಿದ್ದೆವು. ಹೇಳಿದ ಮಾತು ಮೀರುವ ಮಗುವಲ್ಲ ಅದು. ಮತ್ತೆ ಯಾಕೆ ಹೋದಳು? ಆ ತಗಡಿನ ಮುಚ್ಚಳವನ್ನು ಯಾಕೆ ಸರಿಸಿದಳು? ನಾನು ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿ ಬಣ್ಣ ಬರಿಸಿ, ಅವಳು ಹುಡುಕುವ ಆಟಕ್ಕೆ ಅಡಗಿಸಿಡಲೆಂದು ನಿಮ್ಮ ಕೈಗೆ ಕೊಟ್ಟದ್ದು ಹತ್ತು ಮೊಟ್ಟೆ. ಕಟ್ಟೆಯ ಕೆಳಗೆ ಸಿಕ್ಕ ಅವಳ ಬುಟ್ಟಿಯಲ್ಲಿ ಒಂಬತ್ತಿತ್ತು. ಇನ್ನೊಂದನ್ನು ಎಲ್ಲಿ ಅಡಗಿಸಿದ್ದಿರಿ?

ಅಮ್ಮ ನಿಮ್ಮ ಹಾಸಿಗೆಯನ್ನು ಇನ್ನೂ ಬಿಸಿಲಿಗೆ ಹಾಕುತ್ತಾಳೆ. ಬಂದುಬಿಡಿ.

—

17 ನವೆಂಬರ್ 1991

ಇವಳೇ,

ಆರು ತಿಂಗಳು ಉತ್ತರ ಬರೆಯಲಿಲ್ಲ. ಪೆನ್ನು ಹಿಡಿದಾಗಲೆಲ್ಲ ಕೆಲಸದ ನೆಪ ಹೇಳಿಕೊಂಡೆ.

ಮೊದಲು ನಿನ್ನ ಪ್ರಶ್ನೆ. ಹತ್ತರಲ್ಲಿ ಒಂದು ಮೊಟ್ಟೆ ಅಡಗಿಸುವಾಗಲೇ ಕೈಜಾರಿ ಒಡೆಯಿತು. ಸಿಪ್ಪೆ ಬಿಡಿಸಿ ನಾನೇ ತಿಂದೆ. ಅಡಗಿಸಿದ್ದು ಒಂಬತ್ತು. ಅವಳು ತೊಟ್ಟಿಯ ಹತ್ತಿರ ಯಾಕೆ ಹೋದಳೋ ತಿಳಿಯದು.

ಈ ವಾರ ಮುಂದಿನ ವರ್ಷದ ಕ್ಯಾಲೆಂಡರಿನ ಕರಡು ನನ್ನ ಮೇಜಿಗೆ ಬಂತು. ಈಸ್ಟರ್ ಈ ವರ್ಷ ಮಾರ್ಚ್ 31 ಇದ್ದದ್ದು ಮುಂದಿನ ವರ್ಷ ಏಪ್ರಿಲ್ 19. ತಪ್ಪೆಂದು ಕೆಂಪು ಗುರುತು ಹಾಕಿದೆ. ಫೋರ್‌ಮನ್ ನಕ್ಕು, "ಸರಿಯಾಗೇ ಇದೆ ಸಾರ್, ಅದು ಅಲೆಮಾರಿ ಹಬ್ಬ" ಎಂದ. ಇಷ್ಟು ವರ್ಷ ನಿನ್ನ ಜೊತೆ ಚರ್ಚಿಗೆ ಬಂದವನು ನಾನು, ಯಾಕೆ ಅಲೆಯುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ.

ಲೈಬ್ರರಿಗೆ ಹೋಗಿ ಓದಿದೆ. ಹಗಲೂ ಇರುಳೂ ಸಮವಾಗುವ ದಿನ ಮಾರ್ಚ್ ಇಪ್ಪತ್ತೊಂದು ಎಂದಿಟ್ಟುಕೊಂಡು, ಅಲ್ಲಿಂದಾಚೆಗೆ ಬರುವ ಮೊದಲ ಹುಣ್ಣಿಮೆ ಹಿಡಿದು, ಆ ಹುಣ್ಣಿಮೆಯ ನಂತರದ ಭಾನುವಾರ ಈಸ್ಟರ್. ಹುಣ್ಣಿಮೆಯೂ ಆಕಾಶ ನೋಡಿ ಹೇಳಿದ್ದಲ್ಲ, ಕಾಗದದ ಮೇಲೆ ಲೆಕ್ಕ ಹಾಕಿದ್ದು. ಇದಕ್ಕೂ ಮುಂಚೆ ದೊಡ್ಡ ಜಗಳವೇ ಇತ್ತಂತೆ. ಯೆಹೂದ್ಯರ ಪಸ್ಕ ಹಬ್ಬದ ತಿಥಿಯಂದೇ ಆಚರಿಸಬೇಕು, ವಾರ ಯಾವುದಾದರೂ ಸರಿ ಎಂದು ಕೆಲವರು. ಭಾನುವಾರವೇ ಆಗಬೇಕೆಂದು ಕೆಲವರು. ಒಂದೇ ಸಾವಿಗೆ ಎರಡು ದಿನ ಅತ್ತರು, ಒಬ್ಬರನ್ನೊಬ್ಬರು ಸಭೆಯಿಂದ ಹೊರಗೆ ಹಾಕುವವರೆಗೂ ಹೋದರು. ಸಾವಿರದ ಆರುನೂರು ವರ್ಷಗಳ ಹಿಂದೆ ಬಿಷಪ್ಪರೆಲ್ಲ ಸೇರಿ, ಎಲ್ಲರಿಗೂ ಒಂದೇ ಭಾನುವಾರ ಎಂದು ತೀರ್ಮಾನ ಮಾಡಿದರಂತೆ.

ಆದರೆ ನಮ್ಮ ಮಗು ಚಂದ್ರನನ್ನು ನೋಡಿಕೊಂಡು ಸಾಯಲಿಲ್ಲ. ಅವಳು ಸತ್ತದ್ದು ಏಪ್ರಿಲ್ ಹದಿನೈದರಂದು. ಅದು ಕದಲುವುದಿಲ್ಲ.

ಇನ್ನೊಂದು ವಿಷಯ ಹುಡುಕುತ್ತಿದ್ದೇನೆ. ಯೇಸು ಎದ್ದು ಬಂದದ್ದಕ್ಕೂ ಮೊಟ್ಟೆಗೂ ಏನು ಸಂಬಂಧ? ಅದನ್ನು ಬಚ್ಚಿಟ್ಟು ಮಕ್ಕಳನ್ನು ಹುಡುಕಲು ಬಿಡುವ ಆಟ ಶುರು ಮಾಡಿದವರು ಯಾರು? ಯಾರೋ ಒಬ್ಬರು ಮೊದಲ ಸಲ ಮಾಡಿರಲೇಬೇಕಲ್ಲ. ಯಾರು ಎಂದು ನನಗೆ ತಿಳಿಯಬೇಕು.

—

5 ಜನವರಿ 1992

ರೀ,

ಯಾರು ಶುರು ಮಾಡಿದರೆಂದು ಪುಸ್ತಕದಲ್ಲಿ ಯಾಕೆ ಹುಡುಕುತ್ತೀರಿ? ನಮ್ಮ ಮನೆಯಲ್ಲಿ ಶುರು ಮಾಡಿದವಳು ನನ್ನ ಅಮ್ಮ. ನಮಗೆ ಮಾಡುತ್ತಿದ್ದಳು, ನಾನು ಮಗಳಿಗೆ ಮಾಡಿದೆ. ನಮ್ಮ ಮದುವೆಗೆ ಮುಂಚೆ ನೀವು ಬಣ್ಣದ ಮೊಟ್ಟೆ ಕಂಡವರೇ ಅಲ್ಲ. ಬೊಟ್ಟು ಮಾಡುವುದಿದ್ದರೆ ನೇರವಾಗಿ ಮಾಡಿ.

ಮನೆಗೆ ಬನ್ನಿ ಎಂದು ಕರೆದೆ. ನೀವು ಹುಣ್ಣಿಮೆಯ ಲೆಕ್ಕ ಕಳಿಸಿದಿರಿ.

—

26 ಏಪ್ರಿಲ್ 1993

ಇವಳೇ,

ಈ ವರ್ಷ ನಿನ್ನ ದಿನಕ್ಕೂ ನನ್ನ ದಿನಕ್ಕೂ ನಾಲ್ಕೇ ದಿನದ ಅಂತರ. ನಾನು ಹೋದಾಗ ನೀನಿಟ್ಟ ಹೂವು ಇನ್ನೂ ಪೂರ್ತಿ ಬಾಡಿರಲಿಲ್ಲ. ಅದನ್ನು ತೆಗೆಯದೆ ಪಕ್ಕದಲ್ಲಿ ನನ್ನದನ್ನಿಟ್ಟೆ.

ಲೈಬ್ರರಿಯಮ್ಮ ಈಗ ನನ್ನನ್ನು ಕಂಡ ಕೂಡಲೇ "ಬಂದ್ರಾ ಮೊಟ್ಟೆ ಸಾರ್?" ಎನ್ನುತ್ತಾರೆ. ಕಾರಣ ಗೊತ್ತಿಲ್ಲ ಅವರಿಗೆ, ಯಾವುದೋ ದೊಡ್ಡ ಗ್ರಂಥ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾರೆ. ಒಂದೂವರೆ ವರ್ಷದ ಹುಡುಕಾಟದಲ್ಲಿ ನನಗೆ ಸಿಕ್ಕಿದ್ದು ಇಷ್ಟು.

ಬಹಳ ಜನ ಹೇಳುವುದು ಹೀಗೆ: ಈಸ್ಟರ್ ಎಂಬುದು ಒಬ್ಬ ವಸಂತದೇವತೆಯ ಹೆಸರು, ಮೊಲ ಅವಳದು, ಮೊಟ್ಟೆ ಅವಳದು, ಕ್ರೈಸ್ತರು ಆಮೇಲೆ ಅದನ್ನು ತಮ್ಮದು ಮಾಡಿಕೊಂಡರು. ಓದಿದಾಗ ನಿಜ ಹೇಳುತ್ತೇನೆ, ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಕೊನೆಗೂ ಒಬ್ಬಳು ಸಿಕ್ಕಳು! ಹಳೆಯ ಕಾಲದ ಯಾವುದೋ ದೇವತೆ ನನ್ನ ಮಗಳನ್ನು ಕರೆದುಕೊಂಡಳು ಎಂದುಕೊಂಡೆ. ಮೂರು ದಿನ ಚೆನ್ನಾಗಿ ಊಟ ಮಾಡಿದೆ.

ಆಮೇಲೆ ಬೇರು ಹುಡುಕುತ್ತಾ ಹೋದರೆ ಅಲ್ಲಿ ಏನೂ ಇಲ್ಲ. ಸಾವಿರದ ಇನ್ನೂರು ವರ್ಷಗಳ ಹಿಂದೆ ಒಬ್ಬ ಸಂನ್ಯಾಸಿ ಕಾಲಗಣನೆಯ ಪುಸ್ತಕದಲ್ಲಿ, ನಮ್ಮ ಹಿರಿಯರು ಏಪ್ರಿಲ್ ತಿಂಗಳಿಗೆ ಇಂಥ ದೇವತೆಯ ಹೆಸರಿಟ್ಟಿದ್ದರು ಎಂದು ಒಂದೆರಡು ಸಾಲು ಬರೆದಿದ್ದಾನೆ. ಅಷ್ಟೇ. ಅವನು ಮೊಟ್ಟೆಯ ಮಾತೆತ್ತಿಲ್ಲ, ಮೊಲದ ಮಾತೂ ಇಲ್ಲ. ಉಳಿದದ್ದೆಲ್ಲ ಸಾವಿರ ವರ್ಷದ ನಂತರದವರು ಊಹಿಸಿ ಸೇರಿಸಿದ್ದು. ಬೇರೆ ಎಷ್ಟೋ ಭಾಷೆಗಳಲ್ಲಿ ಹಬ್ಬಕ್ಕೆ ಆ ಹೆಸರೂ ಇಲ್ಲ, ಪಸ್ಕ ಎಂಬ ಪದದಿಂದ ಬಂದ ಹೆಸರುಗಳೇ ಇವೆ. ಮೊಟ್ಟೆಯ ಕಥೆ ಇನ್ನೂ ಸಪ್ಪೆ. ಹಬ್ಬಕ್ಕೆ ಮುಂಚಿನ ನಲವತ್ತು ದಿನದ ಉಪವಾಸದಲ್ಲಿ ಮೊಟ್ಟೆ ತಿನ್ನುವಂತಿರಲಿಲ್ಲ. ಕೋಳಿಗಳಿಗೆ ಉಪವಾಸ ಗೊತ್ತೇ? ಅವು ಇಡುತ್ತಲೇ ಹೋದವು. ಹಬ್ಬದ ದಿನ ಮನೆ ತುಂಬ ಮೊಟ್ಟೆ. ಕ್ರಿಸ್ತನ ರಕ್ತದ ನೆನಪಿಗೆ ಕೆಂಪು ಬಣ್ಣ ಬಳಿದವರುಂಟು. ಅಡಗಿಸುವ ಆಟ ಬಹಳ ಈಚಿನದು. ಮುನ್ನೂರು ವರ್ಷಗಳ ಹಿಂದೆ ಒಬ್ಬ ವೈದ್ಯ ಬರೆದಿದ್ದಾನೆ: ಮೊಲ ಮೊಟ್ಟೆಗಳನ್ನು ಹುಲ್ಲಿನಲ್ಲಿ ಬಚ್ಚಿಡುತ್ತದೆಂದು ಮಕ್ಕಳಿಗೆ ಹೇಳುತ್ತಾರೆ, ಮಕ್ಕಳು ಹುಡುಕುವುದನ್ನು ನೋಡಿ ದೊಡ್ಡವರು ನಗುತ್ತಾರೆ, ಎಂದು. ಅವನಿಗಿದ್ದ ಚಿಂತೆ ಮಕ್ಕಳು ಜಾಸ್ತಿ ಮೊಟ್ಟೆ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಾರೆ ಎಂಬುದು. ಹೊಟ್ಟೆ!

ಹೀಗೆ ಹಿಡಿಯಲು ಹೋದರೆ ಯಾರೂ ಕೈಗೆ ಸಿಗುವುದಿಲ್ಲ. ಎಲ್ಲರೂ ಅವರಮ್ಮ ಮಾಡುತ್ತಿದ್ದಳೆಂದು ಮಾಡಿದವರು. ಗೊತ್ತುಗುರಿಯಿಲ್ಲದ, ಯಾವ ದೇವರೂ ಹೇಳದ ಒಂದು ಆಟಕ್ಕೆ ನಮ್ಮ ಮಗು ಹೋಯಿತು.

—

9 ಜೂನ್ 1993

ರೀ,

ನಿಮ್ಮ ನಾಲ್ಕು ಪುಟ ಓದಿದೆ. ನನಗೆ ಉಳಿದಿರುವುದು ಆ ಚರ್ಚು, ಆ ಮೂರನೇ ಬೆಂಚು, ಆ ಒಂದು ಬೆಳಿಗ್ಗೆ. ಅದೂ ಟೊಳ್ಳು ಎಂದು ತೋರಿಸಿ ನಿಮಗೆ ಏನು ಸಿಗಬೇಕು? ಹೆಂಡತಿಯನ್ನು ಬಿಟ್ಟು ಹೋದಿರಿ, ಈಗ ಅವಳ ದೇವರನ್ನೂ ಕೈಯಿಂದ ಕಿತ್ತುಕೊಳ್ಳಬೇಕೆ?

ನೀವು ಹೇಳದೆಯೇ ಆ ಪಾಠ ನನಗೆ ಕಹಿಯಾಗಿದೆ, ತಿಳಿದುಕೊಳ್ಳಿ. ಚರ್ಚಿನ ಭಾನುವಾರದ ತರಗತಿಯಲ್ಲಿ ಯೇಸುವಿನ ಸಮಾಧಿಯ ಕಲ್ಲು ಉರುಳಿದ ಕಥೆಯನ್ನು ಮೂರು ವರ್ಷದಿಂದ ನಾನು ಹೇಳುತ್ತಿಲ್ಲ. ಆ ವಾರ ಬೇರೆಯವರು ಬಂದು ಹೇಳುತ್ತಾರೆ. ಪಾದ್ರಿಗಳು ಕಾರಣ ಕೇಳಿದರು. ಗಂಟಲು ನೋವು ಎಂದೆ. ಮೂರು ವರ್ಷವೂ ಅದೇ ವಾರಕ್ಕೆ ಗಂಟಲು ನೋವು. ಅವರು ಮತ್ತೆ ಕೇಳಲಿಲ್ಲ.

ಇನ್ನು ನನಗೆ ಬರೆಯಬೇಡಿ.

—

12 ಆಗಸ್ಟ್ 1996

ರೀ,

ಅಮ್ಮ ಹೋದಳು, ಕಳೆದ ಗುರುವಾರ. ಜ್ವರ ಬಂತು, ನಾಲ್ಕು ದಿನ ಮಲಗಿದ್ದಳು, ಅಷ್ಟೆ. ತಂತಿ ಕೊಡಲಿಲ್ಲ. ಬಂದರೆ ಏನು ಮಾತಾಡುವುದು ಎಂದು ಸುಮ್ಮನಾದೆ. ಕ್ಷಮಿಸಿ.

ಒಂದು ವಿಷಯ ಬರೆಯಲೇಬೇಕು. ನಿಮ್ಮ ಆ ನಾಲ್ಕು ಪುಟದ ಪತ್ರ ಅಮ್ಮ ಓದಿದ್ದಳಂತೆ. ನನ್ನ ಕಪಾಟಿನಿಂದ ತೆಗೆದು ಓದಿ ಮತ್ತೆ ಹಾಗೆಯೇ ಮಡಿಸಿಟ್ಟಿದ್ದಾಳೆ, ನನಗೆ ಗೊತ್ತೇ ಆಗಿರಲಿಲ್ಲ. ಸಾಯುವ ಹಿಂದಿನ ದಿನ ನನ್ನ ಕೈ ಹಿಡಿದುಕೊಂಡು, "ಮೊಟ್ಟೆ ಆಟ ನಾನು ತಂದಿದ್ದು ಕಣೇ. ಅಳಿಯಂದಿರಿಗೆ ಹೇಳು, ಕೆಟ್ಟದ್ದು ಅಂತ ನನಗೆ ಗೊತ್ತಿರಲಿಲ್ಲ" ಎಂದಳು. ಹೇಳು ಎಂದದ್ದಕ್ಕೆ ಹೇಳಿದ್ದೇನೆ.

—

19 ಆಗಸ್ಟ್ 1996

ಇವಳೇ,

ಅತ್ತೆಯವರದು ಯಾವ ತಪ್ಪೂ ಇರಲಿಲ್ಲ. ನಿನ್ನದೂ ಇರಲಿಲ್ಲ. ಅದು ನನಗೆ ಗೊತ್ತು. ಹೇಗೆ ಗೊತ್ತು ಎಂದು ಕೇಳಬೇಡ.

ಅವರ ಕೈ ನಾನು ಹಿಡಿಯಬೇಕಿತ್ತು.

—

3 ಸೆಪ್ಟೆಂಬರ್ 2000

ಇವಳೇ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹರಿದು ಹಾಕಬೇಡ, ಪೂರ್ತಿ ಓದು.

ಮುಂದಿನ ವರ್ಷದ ಕ್ಯಾಲೆಂಡರಿನ ಕರಡು ನಿನ್ನೆ ಬಂತು. ಈಸ್ಟರ್ ಏಪ್ರಿಲ್ ಹದಿನೈದು. ಮೇಜಿನ ಮೇಲೆ ಹಾಳೆ ಹರಡಿಕೊಂಡು ಅರ್ಧ ಗಂಟೆ ಕೂತಿದ್ದೆ. ಹನ್ನೊಂದು ವರ್ಷದ ಮೇಲೆ ಎರಡೂ ಒಂದೇ ದಿನ. ನಿನಗೆ ಎದುರಾಗದೆ ನಾನು ಅವಳ ಹತ್ತಿರ ಹೋಗಲಾರೆ, ಎದುರಾದರೆ ಸುಳ್ಳಿನ ಮುಖ ಹೊತ್ತು ನಿಲ್ಲಲಾರೆ. ಅದಕ್ಕೇ ಇದು.

ಮೊಟ್ಟೆ ಒಡೆಯಲಿಲ್ಲ. ನಾನು ತಿನ್ನಲಿಲ್ಲ. ಹತ್ತನ್ನೂ ಅಡಗಿಸಿದೆ.

ಶನಿವಾರ ಸಂಜೆ ಅವಳನ್ನು ನೀನು ಒಳಗೆ ಸ್ನಾನಕ್ಕೆ ಕರೆದುಕೊಂಡು ಹೋದಾಗ ಹಿತ್ತಲಲ್ಲಿ ಒಂಬತ್ತಕ್ಕೂ ಜಾಗ ಮಾಡಿದೆ. ಗುಲಾಬಿ ಗಿಡದ ಬುಡ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ನನ್ನ ಹಳೇ ಬೂಟಿನೊಳಗೆ. ಹತ್ತನೆಯದಕ್ಕೆ ಏನೂ ಹೊಳೆಯಲಿಲ್ಲ. ಹಿಂದಿನ ವರ್ಷ ಎಲ್ಲವನ್ನೂ ಎರಡು ನಿಮಿಷದಲ್ಲಿ ಹುಡುಕಿ, "ಅಪ್ಪಾ, ನಿಂಗೆ ಬಚ್ಚಿಡೋಕೇ ಬರಲ್ಲ" ಎಂದು ಹೀಯಾಳಿಸಿದ್ದಳಲ್ಲ, ಈ ಸಲ ಒಂದಾದರೂ ಅವಳ ಕೈಗೆ ಸುಲಭವಾಗಿ ಸಿಗಬಾರದು ಎಂದು ಹುರುಪು ನನಗೆ. ತೊಟ್ಟಿಯ ಕಟ್ಟೆಯ ಮೇಲೆ, ತಗಡಿನ ಮುಚ್ಚಳದ ಆಚೆಯ ಅಂಚಿನಲ್ಲಿ ಇಟ್ಟೆ. ಬೆಳಿಗ್ಗೆ ಅವಳ ಜೊತೆ ನಾನು ಇರುತ್ತೇನಲ್ಲ, ಎತ್ತಿಕೊಂಡು ತೋರಿಸಿದರಾಯಿತು ಎಂದುಕೊಂಡೆ. ಅವಳೊಬ್ಬಳೇ ಎದ್ದು ಹೋಗಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅವಳನ್ನು ಎತ್ತಿದ ಮೇಲೆ ಜನ ಸೇರಿದರು, ನೀನು ಬಂದೆ. ಆ ಗದ್ದಲದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ನೀರಿನ ತಳದಲ್ಲಿದ್ದ ಆ ಮೊಟ್ಟೆ. ಎಲ್ಲರೂ ಅವಳ ಜೊತೆ ಒಳಗೆ ಹೋದಾಗ ನಾನು ತೋಳು ಮುಳುಗಿಸಿ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ನನ್ನ ಮಗು ಒಳಗೆ ಮಲಗಿದೆ, ನಾನು ಹಿತ್ತಲಲ್ಲಿ ಕಳ್ಳನ ಹಾಗೆ ಮೊಟ್ಟೆ ಬಚ್ಚಿಡುತ್ತಿದ್ದೇನೆ. ಮಣ್ಣು ಮಾಡುವಾಗಲೂ ಅದು ನನ್ನ ಕೋಟಿನ ಜೇಬಿನಲ್ಲಿತ್ತು. ನೀನು ನನ್ನ ಆ ಪಕ್ಕಕ್ಕೆ ಒರಗಿ ಅಳುತ್ತಿದ್ದೆ. ಎಲ್ಲಿ ಒಡೆದೀತೋ ಎಂದು ನಾನು ನಿನ್ನನ್ನು ಸ್ವಲ್ಪ ದೂರ ಸರಿಸಿದೆ. ನೆನಪಿರಬಹುದು ನಿನಗೆ.

ಹುಡುಕಿದ್ದೇನೂ ನಿನ್ನ ದೇವರ ಮೇಲಿನ ಹಗೆಗಲ್ಲ. ಯಾರಾದರೂ ಬೇರೆಯವರು ಸಿಗಲಿ ಎಂದು. ದೇವತೆಯಾದರೂ ಸರಿ, ಮೊಲವಾದರೂ ಸರಿ, ಸತ್ತ ವೈದ್ಯನಾದರೂ ಸರಿ. ಅತ್ತೆ ಆ ಭಾರ ಹೊತ್ತುಕೊಂಡು ಹೋದರೆಂದು ನೀನು ಬರೆದಾಗಲೇ ಹೇಳಬೇಕಿತ್ತು. ಧೈರ್ಯ ಸಾಲದೆ ಹೋಯಿತು.

ಕ್ಷಮಿಸು ಎಂದು ಬರೆಯುವುದಿಲ್ಲ. ಕೇಳುವ ಮುಖವಿಲ್ಲ.

—

18 ಫೆಬ್ರವರಿ 2001

ರೀ,

ಐದು ತಿಂಗಳಾಯಿತು ನಿಮ್ಮ ಪತ್ರ ಬಂದು. ಮೊದಲ ತಿಂಗಳು ನಿಮ್ಮನ್ನು ಬೈಯುವುದರಲ್ಲೇ ಕಳೆದೆ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಬೈದಿದ್ದೇನೆ, ನನ್ನ ಬಾಯಲ್ಲಿ ಅಂಥ ಮಾತು ಇವೆಯೆಂದು ನನಗೇ ಗೊತ್ತಿರಲಿಲ್ಲ. ಅಮ್ಮನ ಹೆಸರೆತ್ತಿ ಬೈದೆ. ಅವಳು ಕಣ್ಣು ಮುಚ್ಚುವ ಮೊದಲು ಈ ಒಂದು ಸಾಲು ನೀವು ಬರೆದಿದ್ದರೆ ಸಾಕಿತ್ತು. ಅದನ್ನು ಕ್ಷಮಿಸಲು ನನಗೆ ಇನ್ನೂ ಆಗಿಲ್ಲ. ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಬೈದು ಬೈದು ಸುಸ್ತಾದ ಮೇಲೆ ನನ್ನ ಸರದಿ ಬಂತು. ನಾನು ನಿಮಗಿಂತ ಮೇಲಲ್ಲ.

ಅವಳು ಮಲಗಿರಲಿಲ್ಲ ರೀ. ಅಮ್ಮ ಮುಂಚೆಯೇ ಚರ್ಚಿಗೆ ಹೋಗಿದ್ದಳು, ನಾನು ಚಪ್ಪಲಿ ಹಾಕಿಕೊಳ್ಳುವಾಗ ಮಗು ಎದ್ದು ಬಂದಳು. ಹಾಡಿನವರ ಜೊತೆ ನಿಲ್ಲಬೇಕಿತ್ತು ನಾನು, ಆಗಲೇ ತಡವಾಗಿತ್ತು. "ಅಮ್ಮಾ, ಮೊಟ್ಟೆ ಹುಡುಕ್ಲಾ?" ಎಂದಳು. "ಹೂಂ, ಹುಡುಕು" ಎಂದೆ. "ಅಪ್ಪನ್ನ ಎಬ್ಬಿಸ್ತೀನಿ" ಎಂದು ನಿಮ್ಮ ಕೋಣೆಯ ಕಡೆ ಓಡಿದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ನೀವು ಆ ವಾರವೆಲ್ಲ ಎರಡು ಪಾಳಿ ಮಾಡಿ ಬಂದಿದ್ದಿರಿ. "ಅಪ್ಪ ದಣಿದಿದಾರೆ, ಎಬ್ಬಿಸಬೇಡ ಪುಟ್ಟಾ, ಅವರೇ ಏಳ್ತಾರೆ, ಅಲ್ಲೀವರೆಗೂ ಸದ್ದು ಮಾಡ್ದೆ ಆಟ ಆಡ್ಕೋ" ಎಂದೆ. ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡು ತಲೆಯಾಡಿಸಿದಳು. ಹುಟ್ಟಿದಾಗ ಆಸ್ಪತ್ರೆಯ ನರ್ಸು, "ಇದೇನ್ರೀ, ಪಿಟೀಲು ಕುಯ್ದ ಹಾಗೆ ಅಳುತ್ತೆ" ಎಂದು ಹೆಸರಿಟ್ಟ ಮಗು ಅದು. ಅವತ್ತು ಒಂದು ಸದ್ದೂ ಮಾಡಲಿಲ್ಲ. ನಾನು ಹೇಳಿದ್ದೆನಲ್ಲ.

ಅವಳು ನಿಮ್ಮನ್ನು ಕರೆಯಲಿಲ್ಲ. ನೀವು ಕೇಳಿಸಿಕೊಳ್ಳದೆ ಮಲಗಿದ್ದದ್ದೂ ಅಲ್ಲ. ಹತ್ತು ವರ್ಷದ ಹಿಂದೆ ನೀವು ಕೇಳಿದಾಗ ಒಂದು ಸಾಲಿನಲ್ಲಿ ಇದನ್ನು ಬರೆದಿದ್ದರೆ ನಿಮ್ಮ ಅರ್ಧ ಹೊರೆ ಇಳಿಯುತ್ತಿತ್ತು. ಪೆನ್ನೆತ್ತಿ "ಮಲಗಿದ್ದಳು" ಎಂದು ಬರೆದೆ. ಇನ್ನೂ ಕೆಟ್ಟದ್ದು ಹೇಳಲೇ? ನೀವೇ ಮಲಗಿಬಿಟ್ಟಿರಿ ಎಂದು ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುತ್ತಲೂ ಇದ್ದೆ.

ಮುಚ್ಚಳದ ಮಾತೂ ಇದೆ. ಶನಿವಾರ ಸ್ನಾನ ಮಾಡಿಸುವಾಗ ಅವಳಿಗೆ ಸಮಾಧಿಯ ಕಥೆ ಹೇಳಿದ್ದೆ. "ಕಲ್ಲು ಸರಿಸಿದ್ದು ಯಾರು?" ಎಂದಳು. "ದೇವದೂತ" ಎಂದೆ. "ಒಳಗೆ ಇಣುಕಿ ನೋಡಿದ್ರೆ ಯಾರೂ ಇರ್ಲಿಲ್ವಾ?" ಎಂದು ಎರಡೆರಡು ಸಲ ಕೇಳಿದಳು. ಅದನ್ನು ನೋಡಲೆಂದೇ ತೊಟ್ಟಿಯ ಮುಚ್ಚಳ ಸರಿಸಿದಳು, ನನ್ನ ಕಥೆಯೇ ಅವಳನ್ನು ಒಳಗೆಳೆಯಿತು ಎಂದು ಇಷ್ಟು ವರ್ಷ ನಂಬಿದ್ದೆ. ಗಂಟಲು ನೋವು ಅದೇ. ನಿಮ್ಮ ಪತ್ರ ಓದಿ ತಿಳಿಯಿತು, ಅವಳು ಹೋದದ್ದು ಮೊಟ್ಟೆಗೆ. ಸಮಾಧಾನ ಆಗಬೇಕಿತ್ತು. ಆಯಿತು ಕೂಡ, ಒಂದು ಕ್ಷಣ. ನಿಮ್ಮ ತಪ್ಪು ಕೇಳಿ ನನಗೆ ಹಗುರವಾಯಿತಲ್ಲ ಎಂದು ಆಮೇಲೆ ಬಹಳ ನಾಚಿಕೆಯಾಯಿತು.

ಏಪ್ರಿಲ್ ಹದಿನೈದಕ್ಕೆ ಬನ್ನಿ. ಬಸ್ಸು ಇಳಿದು ನೇರ ಚರ್ಚಿಗೇ ಬನ್ನಿ.

—

22 ಏಪ್ರಿಲ್ 2001

ರೀ,

ಕ್ಷೇಮವಾಗಿ ತಲುಪಿದ್ದೀರಿ ಎಂದುಕೊಂಡಿದ್ದೇನೆ.

ಹಿಂದಿನ ಬಾಗಿಲ ಹತ್ತಿರ ನಿಂತಿದ್ದವರು ನೀವೇ ಎಂದು ನನಗೆ ಮೊದಲು ಗೊತ್ತಾಗಲಿಲ್ಲ. ಕೂದಲೆಲ್ಲ ಬೆಳ್ಳಗಾಗಿದೆ. ನನ್ನನ್ನು ನೋಡಿ ನಿಮಗೂ ಹಾಗೇ ಅನ್ನಿಸಿರಬೇಕು. ಇಬ್ಬರೂ ಸ್ಮಶಾನಕ್ಕೆ ನಡೆದೆವು. ಅಲ್ಲಿ ಪಕ್ಕದ ಕಲ್ಲಿನ ಮೇಲೆ ಒಂದು ಅಕ್ಷರ ತಪ್ಪಾಗಿದೆ ಎಂದು ನೀವು ಅಭ್ಯಾಸದಂತೆ ಜೇಬಿನಿಂದ ಕೆಂಪು ಪೆನ್ನು ತೆಗೆದಿರಲ್ಲ, ಆಗ ನನಗೆ ನಗು ತಡೆಯಲಾಗಲಿಲ್ಲ. ನೀವೂ ನಕ್ಕಿರಿ. ಮಗಳ ಸಮಾಧಿಯ ಮುಂದೆ ಇಬ್ಬರು ಮುದುಕರು ಹುಚ್ಚರ ಹಾಗೆ ನಗುವುದನ್ನು ನೋಡಿ ಕಾವಲುಗಾರ ಓಡಿ ಬಂದ. ಅವನು ಬರುವ ಹೊತ್ತಿಗೆ ಇಬ್ಬರೂ ಅಳುತ್ತಿದ್ದೆವು. ಇಬ್ಬರೂ ಸೇರಿ ಅತ್ತದ್ದು ಅದೇ ಮೊದಲು. ಮಣ್ಣು ಮಾಡಿದ ದಿನವೂ ಬೇರೆ ಬೇರೆಯಾಗಿಯೇ ಅತ್ತಿದ್ದೆವು.

ಮನೆಯಲ್ಲಿ ಊಟವಾದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದಾಗ ನೀವು ಬಾಗಿಲಲ್ಲಿ ನಿಂತು, "ಇರ್ಲಾ?" ಎಂದಿರಿ. ನಲ್ಲಿ ಜೋರಾಗಿ ಬಿಟ್ಟೆ. ಕೇಳಿಸಲಿಲ್ಲ ಎಂದು ನೀವು ತಿಳಿದು ಹೊರಟಿರಿ. ಇನ್ನೊಂದು ಸುಳ್ಳು ನಮ್ಮ ನಡುವೆ ಇರುವುದು ಬೇಡ, ಅದಕ್ಕೇ ಬರೆಯುತ್ತಿದ್ದೇನೆ. ಕೇಳಿಸಿತ್ತು. ಹೂಂ ಎನ್ನಲು ಬಾಯಿ ಬರಲಿಲ್ಲ. ನಿಮ್ಮ ಕಿವಿ ಅವಳ ಕಿವಿಯೇ. ದಿನಾ ಬೆಳಗಾದರೆ ಅದನ್ನು ನೋಡಿಕೊಂಡು ಬದುಕುವ ಶಕ್ತಿ ನನ್ನಲ್ಲಿಲ್ಲ. ಬೇಡ ಎನ್ನಲೂ ಬಾಯಿ ಬರಲಿಲ್ಲ. ಕೈ ಒರೆಸಿಕೊಂಡು ಗೇಟಿಗೆ ಬರುವಷ್ಟರಲ್ಲಿ ನೀವು ರಸ್ತೆಯ ತಿರುವು ದಾಟಿದ್ದಿರಿ.

ಇವತ್ತು ಭಾನುವಾರದ ತರಗತಿಯಲ್ಲಿ ಆ ಪಾಠ ನಾನೇ ಮಾಡಿದೆ. ಒಂದು ವಾರ ತಡವಾಗಿ. ಒಂದು ಹುಡುಗಿ, "ಟೀಚರ್, ಯೇಸುವಿನ ಸಮಾಧಿಗೆ ಹೋದ ಆ ಹೆಂಗಸರು ಬೆಳಿಗ್ಗೆ ಹಬ್ಬಕ್ಕೆ ಹೊರಟಿದ್ರಾ?" ಎಂದು ಕೇಳಿತು. ಇಲ್ಲ ಎಂದೆ. ಅವತ್ತು ಹಬ್ಬ ಎಂದು ಯಾರಿಗೆ ಗೊತ್ತಿತ್ತು? ಸತ್ತವನ ಮೈಗೆ ಸುಗಂಧ ಹಚ್ಚಲೆಂದು ಹೊರಟವರು ಅವರು. ದಾರಿಯುದ್ದಕ್ಕೂ ಅವರಿಗಿದ್ದದ್ದು ಒಂದೇ ಚಿಂತೆ, ಆ ಕಲ್ಲನ್ನು ಸರಿಸಿಕೊಡುವವರು ಯಾರು ಎಂದು. ಹೇಳುವಾಗ ನಿಮ್ಮ ನೆನಪಾಯಿತು. ದೇವತೆ, ಮೊಲ, ಹುಣ್ಣಿಮೆ ಎಂದು ಎಷ್ಟು ವರ್ಷ ಬೇರು ಹುಡುಕಿದಿರಿ. ನನಗೆ ತೋರುವ ಬೇರು ಇಷ್ಟೇ ರೀ. ತಮ್ಮವರನ್ನು ಕಳೆದುಕೊಂಡ ನಾಲ್ಕು ಜನ, ಮನೆಯಲ್ಲಿ ಕೂರಲಾರದೆ, ಬೆಳಕು ಹರಿಯುವ ಮೊದಲೇ ಎದ್ದು ನಡೆದರು.

ಮುಂದಿನ ವರ್ಷ ಈಸ್ಟರ್ ಮಾರ್ಚ್ ಮೂವತ್ತೊಂದಕ್ಕೆ ಎಂದು ನೀವೇ ಹೇಳಿದಿರಿ. ಏಪ್ರಿಲ್ ಹದಿನೈದು ಸೋಮವಾರ ಬೀಳುತ್ತದೆ, ಶಾಲೆ ಇರುತ್ತದೆ. ಆ ದಿನಕ್ಕೆ ರಜೆ ಚೀಟಿ ಬರೆದು ನಿನ್ನೆ ಹೆಡ್‌ಮೇಡಂ ಕೈಗೆ ಕೊಟ್ಟೆ. "ಇನ್ನೂ ಒಂದು ವರ್ಷ ಇದೆಯಲ್ರೀ ಟೀಚರ್!" ಎಂದು ನಕ್ಕರು. ಇರಲಿ ಮೇಡಂ, ಸಹಿ ಹಾಕಿಬಿಡಿ ಎಂದೆ.